ಕ್ರಿಸ್‌ಮಸ್ ರಜೆಯೂ ಮೈಲುತುತ್ತಿನ ಡಬ್ಬಿಯೂ

ಕಾಸರಗೋಡಿನ ಶಾಲೆಗಳಿಗೆ ಕ್ರಿಸ್‌ಮಸ್ ರಜೆ ಬಂತೆಂದರೆ ಸುಮಾರು 10 ದಿನ ಮಕ್ಕಳ ಓಡಾಟವೆಲ್ಲ ಮನೆಯ ಸುತ್ತಲೇ. ಹಿರಿಯರಿಗೋ ಅಡಿಕೆ ಕೊಯ್ಲಿನ ಗಡಿಬಿಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಬಿಟ್ಟು ಉಳಿದ ಮೈಲುತುತ್ತು ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೇ ಇರುತ್ತದೆ. ಆ ನೀಲಿ ಹರಳು ಎಳೆಯರ ಕಣ್ಣಿಗೆ ಕಲ್ಲುಸಕ್ಕರೆಯಂತೆ. ಹೊಟ್ಟೆಗೆ ಹೋದರೆ ವಾಂತಿ, ಮೂತ್ರಪಿಂಡಕ್ಕೂ ಕೇಡು.

ಮಕ್ಕಳನ್ನು ಗದರಿಸಿದರೆ ಸಾಕೆಂಬವರ ಮಾತನ್ನು ನಾವು ಒಪ್ಪೆವು. ಮೂರು ವರ್ಷದ ಕೂಸಿಗೆ ಗದರಿಕೆ ನೆನಪಿರದು, ಎಚ್ಚರ ಹಿರಿಯರಿಗಿರಬೇಕು. ರಜೆಗೆ ಮೊದಲೇ ಔಷಧಿಗಳನ್ನೆಲ್ಲ ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿರಿ. ಸೋಡಾ ಬಾಟಲಿಗಳಲ್ಲಿ ಹೊಯ್ದಿಡಬೇಡಿರಿ. ಮಗು ನುಂಗಿತೆಂದಾದರೆ ವಾಂತಿ ಮಾಡಿಸದೆ, ಡಬ್ಬಿಯೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅಡಿಕೆ ನಾಳೆಯೂ ಒಣಗೀತು. ಈ ಕೆಲಸ ಇಂದೇ ಆಗಲಿ.