ಕತ್ತಿ ಕೆಳಗಿಡುವವರು ಯಾರು?

1956ರಲ್ಲಿ ಕೆನ್ಯಾದ ಮೇರು ಸೀಮೆಯ ಹಿರಿಯರ ಮಂಡಳಿ ಹೆಣ್ಣುಮಕ್ಕಳ ಜನನಾಂಗ ಛೇದನವನ್ನು ನಿಷೇಧಿಸಿತು. ಬೆನ್ನಿಗೆ ಬ್ರಿಟಿಷ್ ಆಡಳಿತವಿತ್ತು. ಹುಡುಗಿಯರು ಏನು ಮಾಡಿದರು? ಬ್ಲೇಡು ಹಿಡಿದು ಮರೆಗೆ ಹೋಗಿ ಒಬ್ಬರನ್ನೊಬ್ಬರು ಕೊಯ್ದುಕೊಂಡರು. ಅವರಿಗೆ ‘ನ್ಗೈತಾನ’ ಎಂಬ ಹೆಸರೇ ಬಿತ್ತು: ‘ನನ್ನನ್ನು ನಾನೇ ಕೊಯ್ದುಕೊಳ್ಳುತ್ತೇನೆ’ ಎಂದು ಅರ್ಥ. ಗೂಗಿ ವಾ ಥಿಯಾಂಗೊ ಅವರ ‘ದಿ ರಿವರ್ ಬಿಟ್ವೀನ್’ ಕಾದಂಬರಿ ಓದಿದವರಿಗೆ ಮುಥೋನಿ ನೆನಪಾದಾಳು. ಕ್ರೈಸ್ತ ಬೋಧಕನ ಮಗಳಾದ ಅವಳು ತಾನಾಗಿ ಹೋಗಿ ಕೊಯ್ಯಿಸಿಕೊಂಡು ಸಾಯುತ್ತಾಳೆ.

ಇದು ಕ್ರೌರ್ಯ. ರಕ್ತಸ್ರಾವ, ಸೋಂಕು, ಹೆರಿಗೆಯ ಸಂಕಟ, ಕೆಲವೊಮ್ಮೆ ಸಾವು. ಆದರೆ ಮಗಳನ್ನು ಕರೆದೊಯ್ಯುವ ತಾಯಿಯದು ದ್ವೇಷವಲ್ಲ, ಭಯ. ಕೊಯ್ಯಿಸಿಕೊಳ್ಳದವಳಿಗೆ ಗಂಡು ಸಿಗುವುದಿಲ್ಲ; ಕೆಲವೆಡೆ ಅವಳ ಕೈಯಡುಗೆಯನ್ನೂ ಜನ ಮುಟ್ಟುವುದಿಲ್ಲ. ಊರೆಲ್ಲ ಕೊಯ್ಯಿಸುವಾಗ ತನ್ನ ಮಗಳೊಬ್ಬಳನ್ನು ಹೇಗೆ ಬಿಟ್ಟಾಳು?

ಸೆನೆಗಲ್‌ನ ಮಾಲಿಕೌಂಡಾ ಬಂಬಾರಾ ಎಂಬ ಹಳ್ಳಿಯ ಹೆಂಗಸರು 1997ರ ಜುಲೈ 31ರಂದು, ಇನ್ನು ಕೊಯ್ಯಿಸುವುದಿಲ್ಲ ಎಂದು ಬಹಿರಂಗವಾಗಿ ಸಾರಿದರು. ಆ ಸೀಮೆಯ ಇಮಾಮ್ ಡೆಂಬಾ ಜಾವಾರಾ ಅದನ್ನು ಮೆಚ್ಚಿದರು, ಒಂದು ಕೊರತೆಯನ್ನೂ ಕಂಡರು. ಹೆಣ್ಣು ಕೊಟ್ಟು ತರುವುದು ಹತ್ತೂರುಗಳ ನಡುವೆ. ಒಂದೇ ಊರು ಬಿಟ್ಟರೆ ಆ ಊರಿನ ಹುಡುಗಿಯರ ಗತಿ? ಇಮಾಮ್ ನೆಂಟರ ಊರೂರಿಗೆ ನಡೆದರು. 1998ರಲ್ಲಿ 13 ಊರುಗಳು ಕೂಡಿ ಪದ್ಧತಿ ಬಿಟ್ಟವು. ಸರ್ಕಾರದ ಕಾನೂನು ಬಂದದ್ದು 1999ರಲ್ಲಿ. ಈ ಕ್ರಮವೇ ಸರಿ ಎಂದು ನನ್ನ ನಂಬಿಕೆ: ಮೊದಲು ನೆಂಟರ ಒಪ್ಪಂದ, ಅದಕ್ಕೆ ಬೆಂಬಲವಾಗಿ ಕಾನೂನು.

ಕೆನ್ಯಾದಲ್ಲಿ ಕೊಯ್ಯಿಸಿಕೊಂಡ ಹೆಂಗಸರ ಪ್ರಮಾಣ 1998ರಲ್ಲಿ ಶೇ. 38 ಇದ್ದದ್ದು 2022ಕ್ಕೆ ಶೇ. 15ಕ್ಕೆ ಇಳಿದಿದೆ. ಸೋಮಾಲಿಯಾದಲ್ಲಿ ಇನ್ನೂ ಶೇ. 99. ಈಜಿಪ್ಟಿನಲ್ಲಿ ಕತ್ತಿ ಬಹುಮಟ್ಟಿಗೆ ಸೂಲಗಿತ್ತಿಯ ಕೈಯಿಂದ ವೈದ್ಯರ ಕೈಗೆ ಬಂದಿದೆ. ಅದನ್ನು ಸುಧಾರಣೆ ಎನ್ನಲು ನಾನು ಸಿದ್ಧನಿಲ್ಲ.

ಗ್ಯಾಂಬಿಯಾ 2015ರಲ್ಲಿ ನಿಷೇಧ ತಂದಿತ್ತು. 2023ರಲ್ಲಿ ಮೂವರು ಹೆಂಗಸರಿಗೆ ಶಿಕ್ಷೆಯಾದೊಡನೆ ಧಾರ್ಮಿಕ ಮುಖಂಡರು ಸಿಡಿದೆದ್ದರು. ನಿಷೇಧ ತೆಗೆಯುವ ಮಸೂದೆಯನ್ನು 2024ರ ಮಾರ್ಚ್‌ನಲ್ಲಿ 42 ಶಾಸಕರು ಬೆಂಬಲಿಸಿದರು, ವಿರೋಧಿಸಿದವರು ನಾಲ್ವರು. ಆಮೇಲೆ ಸದನ ಸಮಿತಿಯ ಮುಂದೆ ನೊಂದ ಹೆಂಗಸರು ತಮ್ಮ ಮೈಯ ಕಥೆಯನ್ನು ಬಾಯಿಬಿಟ್ಟು ಹೇಳಿದರು. ಜುಲೈ 15ರಂದು ಮಸೂದೆ ಬಿದ್ದುಹೋಯಿತು. 58 ಸದಸ್ಯರ ಆ ಸಭೆಯಲ್ಲಿ ಆಗ ಇದ್ದ ಹೆಂಗಸರು ಐವರು.