‘ಶೋಕಿ’ ಅನ್ನೋ ಮುಂಚೆ ಅಳತೆ ನೋಡೋಣ

ಸ್ತನದ ಕಾಸ್ಮೆಟಿಕ್ ಸರ್ಜರಿ ಅಂದ ಕೂಡಲೇ ನಮ್ಮ ಹಾಸ್ಟೆಲ್‌ಗಳಲ್ಲಿ ಮೊದಲು ಬರೋದು ಮುಸಿಮುಸಿ ನಗು, ಆಮೇಲೆ ತೀರ್ಪು: “ದುಡ್ಡು ಜಾಸ್ತಿ ಆಗಿರಬೇಕು.” 2018ರಲ್ಲಿ ತಮಿಳುನಾಡು ಸರ್ಕಾರ ಚೆನ್ನೈನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಈ ಸರ್ಜರಿಗಳನ್ನು ಬಡವರಿಗೆ ಉಚಿತವಾಗಿ ಮಾಡಲು ಹೊರಟಾಗಲೂ ಟೀಕೆ ಬಂತು. ಜೀವ ಉಳಿಸೋ ಚಿಕಿತ್ಸೆಗೇ ಹಣ ಸಾಲದಿರುವಾಗ ಚೆಂದ ಕಾಣೋದಕ್ಕೆ ತೆರಿಗೆ ಹಣ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಂಜಿನಿಯರಿಂಗ್ ಓದುವ ನಾವು ಅಳತೆ ಮಾಡದೆ ಉತ್ತರ ಹೇಳಬಾರದು, ಅಲ್ವಾ?

ಅಳೆಯೋಕೆ ಸಾಧನ ಇದೆ. ಹೆಸರು ಬ್ರೆಸ್ಟ್-ಕ್ಯೂ. ಆಂಡ್ರಿಯಾ ಪುಸಿಕ್, ಆನ್ ಕ್ಲಾಸೆನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇದು. ಅಲ್ಲಿಯವರೆಗೆ ಸರ್ಜರಿ ಗೆದ್ದಿತೋ ಸೋತಿತೋ ಅಂತ ಹೆಚ್ಚಾಗಿ ನಿರ್ಧರಿಸುತ್ತಿದ್ದವರು ಸರ್ಜನ್‌ಗಳೇ; ಫೋಟೋ ನೋಡಿ, ತೊಡಕುಗಳನ್ನು ಎಣಿಸಿ. ಇಲ್ಲಿ ಉತ್ತರ ಕೊಡುವವರು ರೋಗಿಗಳು. ಆಪರೇಷನ್‌ಗೆ ಮುಂಚೆ ಒಮ್ಮೆ, ಆಮೇಲೆ ಮತ್ತೆ. ತೃಪ್ತಿ, ಮನಸ್ಸು ಮತ್ತು ಸಮಾಜದ ಜೊತೆಗಿನ ನೆಮ್ಮದಿ, ದೇಹದ ನೆಮ್ಮದಿ, ಲೈಂಗಿಕ ನೆಮ್ಮದಿ, ಎಲ್ಲಕ್ಕೂ ಬೇರೆ ಬೇರೆಯಾಗಿ 0ಯಿಂದ 100ರ ಅಂಕ. ಹಿಂದಿರುವ ಗಣಿತ ರಾಶ್ ಮಾಡೆಲ್. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ, ಕಷ್ಟದ ಪ್ರಶ್ನೆ ಇರೋ ಹಾಗೆ ಇಲ್ಲೂ ಪ್ರತಿ ಪ್ರಶ್ನೆಗೆ ಅದರದೇ ಕಷ್ಟದ ಮಟ್ಟ.

ಈ ಅಳತೆಗೋಲು ಹಿಡಿದರೆ ‘ಕಾಸ್ಮೆಟಿಕ್’ ಅನ್ನೋ ಒಂದೇ ಲೇಬಲ್ ಕೆಳಗೆ ಎರಡು ಬೇರೆ ಕಥೆಗಳು ಕಾಣುತ್ತವೆ. ಗಾತ್ರ ಕಡಿಮೆ ಮಾಡಿಸಿಕೊಳ್ಳುವವರಿಗೆ ಮುಂಚೆ ಇದ್ದದ್ದು ಕುತ್ತಿಗೆ, ಭುಜ, ಬೆನ್ನುನೋವು, ಹೆಗಲಲ್ಲಿ ಬ್ರಾ ಪಟ್ಟಿ ಕೊರೆದ ಗುರುತು, ಬೇಸಿಗೆಯಲ್ಲಿ ಚರ್ಮದ ಗುಳ್ಳೆ, ಓಡೋಕೂ ಆಗದ ಸ್ಥಿತಿ. ಸರ್ಜರಿ ನಂತರ ಇವರ ಅಂಕಗಳು ಎಲ್ಲ ಕಡೆಯೂ ಏರುತ್ತವೆ, ದೇಹದ ನೆಮ್ಮದಿ ಕೂಡ. ಇಂಪ್ಲಾಂಟ್ ಹಾಕಿಸಿಕೊಳ್ಳುವವರಲ್ಲಿ ತೃಪ್ತಿ, ಆತ್ಮವಿಶ್ವಾಸ ಚೆನ್ನಾಗಿ ಏರುತ್ತವೆ. ದೇಹದ ನೆಮ್ಮದಿ ಅಷ್ಟು ಏರಲ್ಲ. ಕಳೆಯೋಕೆ ಅಲ್ಲಿ ನೋವೇ ಇರಲಿಲ್ಲವಲ್ಲ!

ನಮ್ಮ ಆರೋಗ್ಯ ವಿಮೆಗೆ ಈ ವ್ಯತ್ಯಾಸ ಸರಿಯಾಗಿ ಕಾಣಲ್ಲ. ರೂಪ ಬದಲಿಸುವ ಸರ್ಜರಿಗೆ ದುಡ್ಡಿಲ್ಲ ಅನ್ನೋದು ಐಆರ್‌ಡಿಎಐ ಗೊತ್ತುಪಡಿಸಿದ ಷರತ್ತು. ವಿನಾಯಿತಿ ಇರೋದು ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ, ಇಲ್ಲವೇ ಆರೋಗ್ಯಕ್ಕೆ ‘ನೇರ ಮತ್ತು ತಕ್ಷಣದ’ ಅಪಾಯ ಇದ್ದರೆ. ಹತ್ತು ವರ್ಷದಿಂದ ಇರೋ ಬೆನ್ನುನೋವು ‘ತಕ್ಷಣದ’ ಅಪಾಯ ಅಂತ ಹೇಗೆ ತೋರಿಸೋದು? ಇದನ್ನು ನಾವು ಒಪ್ಪೋದಿಲ್ಲ.

ಹಾಗಂತ ತೃಪ್ತಿಯ ಅಂಕವೇ ಸುರಕ್ಷತೆಯ ಸರ್ಟಿಫಿಕೇಟ್ ಅಲ್ಲ. ಇಂಪ್ಲಾಂಟ್ ಕೂಡ ಒಂದು ಡಿವೈಸ್, ಅದೂ ಫೇಲ್ ಆಗುತ್ತೆ. ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆ ಬಳಕೆಯ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾಯಿತು. ಅಷ್ಟರಲ್ಲಿ ಅದು ಲಕ್ಷಾಂತರ ಹೆಂಗಸರ ದೇಹ ಸೇರಿತ್ತು. ಇಂಪ್ಲಾಂಟ್ ಜೀವಮಾನಪೂರ್ತಿ ಬರೋದಲ್ಲ ಅಂತ ಎಚ್ಚರಿಕೆಯ ಚೌಕಟ್ಟಿನಲ್ಲೇ ಹೇಳಬೇಕು ಅಂತ ಅಮೆರಿಕದ ಎಫ್‌ಡಿಎ 2021ರಲ್ಲಿ ಕಡ್ಡಾಯ ಮಾಡಿತು. ಮೊದಲ ವರ್ಷದ ಫೀಡ್‌ಬ್ಯಾಕ್ ಹತ್ತನೇ ವರ್ಷದ ಕಥೆ ಹೇಳಲ್ಲ. ಇನ್ನು ಬೇರೆಯವರ ಕೊಂಕು ತಾಳಲಾರದೆ, ಇಲ್ಲದ ಕುಂದು ಕನ್ನಡಿಯಲ್ಲಿ ಕಂಡು ಹೋಗುವವರಿಗೆ ಬೇಕಾಗಿರೋದು ಕತ್ತರಿಯಲ್ಲ, ಆಪ್ತ ಸಮಾಲೋಚನೆ.

ಅದಕ್ಕೇ ನಮ್ಮ ವಾದ ಇಷ್ಟೇ. ಸರ್ಕಾರಿ ಆಸ್ಪತ್ರೆಯಾಗಲಿ, ವಿಮಾ ಕಂಪನಿಯಾಗಲಿ, ಸರ್ಜರಿಯ ಹೆಸರು ನೋಡಿ ಹೌದು-ಇಲ್ಲ ಅನ್ನೋದು ಬಿಡಲಿ. ರೋಗಿಯ ಬದುಕು ಈಗ ಹೇಗಿದೆ ಅಂತ ಅವರ ಭಾಷೆಯಲ್ಲೇ ಕೇಳಲಿ. ಸರ್ಜರಿ ಆದ ಮೇಲೂ ವರ್ಷವರ್ಷ ಕೇಳಲಿ. ಅಪಾಯವನ್ನು ಮೊದಲೇ ತಿಳಿಸಲಿ.

ಕ್ಯಾಂಪಸ್‌ನಲ್ಲಿ ನಮ್ಮದೂ ಒಂದು ಕೆಲಸ ಇದೆ. ಇದು ಹುಡುಗಿಯರ ವಿಷಯ ಮಾತ್ರ ಅಲ್ಲ. ಗೈನೆಕೊಮಾಸ್ಟಿಯಾ ಇರೋ ಹುಡುಗ ಈಜುಕೊಳಕ್ಕೆ ಬಾರದೆ, ಸೆಖೆಯಲ್ಲೂ ಜಾಕೆಟ್ ಹಾಕಿಕೊಂಡು ಓಡಾಡೋದುಂಟು. ಅಡ್ಡಹೆಸರು ಇಡೋದು ನಿಲ್ಲಿಸೋಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಇವತ್ತಿನಿಂದಲೇ ಆಗುತ್ತೆ.