ಮೇಂಟೆನೆನ್ಸ್ ಇಲ್ಲದ ಮನೆ ಎಲ್ಲಿದೆ ಸ್ವಾಮಿ?

ಶಿಕಾರಿಪುರದಿಂದ ಅಂಜನಾಪುರದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ಪುಣ್ಯವಂತರು ಒಂದು ಕೆಲಸ ಮಾಡಿ. ಮೊಬೈಲು ಜೇಬಿಗೆ ಹಾಕಿ, ರಸ್ತೆ ಬದಿಯ ಹೊಸ ಮನೆಗಳ ತಲೆ ಮಾತ್ರ ನೋಡುತ್ತಾ ಹೋಗಿ. ಹತ್ತಾರು ಮನೆ ದಾಟುವಷ್ಟರಲ್ಲಿ ವಿಷಯ ತಾನಾಗಿ ಕಣ್ಣಿಗೆ ಬೀಳುತ್ತದೆ. ಕೆಳಗೆ ಆರ್‌ಸಿಸಿ ತಾರಸಿ. ಅದರ ಮೇಲೆ ಕಬ್ಬಿಣದ ಪೈಪು ನೆಟ್ಟು ನೀಲಿಯದೋ ಕೆಂಪಿನದೋ ತಗಡು. ಒಂದು ಮನೆಗೆ ಎರಡೆರಡು ಸೂರು!

ಯಾಕೆ ಸ್ವಾಮಿ ಹೀಗೆ ಎಂದು ಕೇಳಿದರೆ ಮನೆಯವರು ಸ್ವಲ್ಪ ನಾಚಿಕೊಂಡೇ ಹೇಳುತ್ತಾರೆ: "ಮೊದಲನೇ ಮಳೆಗಾಲ ಪರವಾಗಿರಲಿಲ್ಲ. ಮೂರನೇ ಮಳೆಗಾಲಕ್ಕೆ ಹಾಲ್‌ನಲ್ಲಿ ಬಕೆಟ್ ಇಡೋ ಹಂಗಾಯ್ತು." ಆಮೇಲೆ ಯಾರೋ ಹೇಳಿದರೆಂದು ಕಪ್ಪು ಬಣ್ಣದ ಕೆಮಿಕಲ್ ಬಳಿದರು, ಮತ್ಯಾರೋ ಹೇಳಿದರೆಂದು ಬಿಳಿ ಬಣ್ಣದ್ದು ಬಳಿದರು. ಕೊನೆಗೆ ತಗಡು ಹೊದಿಸಿದರು. ಅಡಿಕೆ ಮಾರಿದ ದುಡ್ಡು ಒಂದು ಸೂರಿಗೆ ಹೋಯಿತು, ಸೊಸೈಟಿ ಸಾಲ ಎರಡನೇ ಸೂರಿಗೆ ಹೋಯಿತು.

ತಮಾಷೆಯೆಂದರೆ ಈ ಮನೆ ಕಟ್ಟುವಾಗ ಅವರಿಗೆ ಹೇಳಿದ್ದ ಮಾತು ಒಂದೇ: ಮೇಂಟೆನೆನ್ಸ್ ಫ್ರೀ. ಈಗ ನಮ್ಮೂರಿನ ಅಂಗಡಿ ಬೋರ್ಡುಗಳಲ್ಲಿ ಆ ಪದದಷ್ಟು ಕುಣಿಯುವ ಪದ ಇನ್ನೊಂದಿಲ್ಲ. ಟೈಲ್ಸು ಮೇಂಟೆನೆನ್ಸ್ ಫ್ರೀ, ಕಿಟಕಿ ಮೇಂಟೆನೆನ್ಸ್ ಫ್ರೀ, ಬಾಗಿಲು, ಪೈಪು, ಪೇಂಟು ಎಲ್ಲವೂ ಫ್ರೀ. ಕೊಳ್ಳುವವನ ಜೇಬು ಮಾತ್ರ ಫ್ರೀ ಅಲ್ಲ.

ಅಂಗಡಿಯವರು ಸಿಟ್ಟಾಗಬೇಡಿ. ಈ ಪೇಪರನ್ನು ಓದುವವರಲ್ಲಿ ಅರ್ಧ ಜನ ನೀವೇ ಎಂದು ಬಲ್ಲೆ. ನಾನು ಹಳೇ ಮನೆಯೇ ಸ್ವರ್ಗ ಎನ್ನುವ ಪೈಕಿಯವನೂ ಅಲ್ಲ. ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಅದರ ಕಷ್ಟ ಗೊತ್ತು. ಮುಂಗಾರಿಗೆ ಮುಂಚೆ ಏಣಿ ಹಾಕಿ ಹತ್ತಬೇಕು, ಒಡೆದ ಹೆಂಚು ತೆಗೆದು ಬೇರೆಯದು ಕೂರಿಸಬೇಕು, ಕಸ ಬಳಿಯಬೇಕು, ಗೆದ್ದಲು ತಿಂದ ರೀಪು ಬದಲಿಸಬೇಕು. ಇಷ್ಟೆಲ್ಲ ಮಾಡಿ ಇಳಿದ ಮಾರನೇ ದಿನ ಬೆಳಿಗ್ಗೆ ಮಂಗನ ಹಿಂಡು ಬಂದು ಅದೇ ಸೂರಿನ ಮೇಲೆ ಕುಸ್ತಿ ಆಡುತ್ತದೆ. ಮಲೆನಾಡಿನ ಅಂಚಿನಲ್ಲಿ ಹೆಂಚು ಬಿಟ್ಟು ಜನ ತಾರಸಿಗೆ ಹೋದದ್ದಕ್ಕೆ ಫ್ಯಾಷನ್ನು ಎಷ್ಟು ಕಾರಣವೋ ಮಂಗವೂ ಅಷ್ಟೇ ಕಾರಣ ಎಂದು ಯಾರೂ ಬರೆದಿದ್ದು ನಾನು ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮಣ್ಣಿನ ನೆಲಕ್ಕೆ ಸಗಣಿ ಸಾರಿಸುವುದು. ಆ ಕೆಲಸ ಗಂಡಸರು ಮಾಡಿದ್ದಿದ್ದರೆ ಮಣ್ಣಿನ ನೆಲ ಐವತ್ತು ವರ್ಷ ಮುಂಚೆಯೇ ಹೋಗುತ್ತಿತ್ತು.

ಹೆಂಚೇನೂ ಅನಾದಿ ಕಾಲದ್ದಲ್ಲ ಎನ್ನುವುದೂ ನೆನಪಿರಲಿ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅದಕ್ಕೆ ಮುಂಚೆ ನಮ್ಮ ಕಡೆ ಬಡವರಿಗೆ ಹುಲ್ಲಿನ ಸೂರು, ಉಳ್ಳವರಿಗೆ ನಾಡಹೆಂಚು. ಆಗಿನ ಕಾಲಕ್ಕೆ ಮಂಗಳೂರು ಹೆಂಚೇ ಮೇಂಟೆನೆನ್ಸ್ ಫ್ರೀ! ವರ್ಷ ವರ್ಷ ಹುಲ್ಲು ಹೊದಿಸುವ ಕಾಟ ತಪ್ಪಿತಲ್ಲ. ಹಾಗಾಗಿ ಹೊಸದು ಬರುವುದು ತಪ್ಪಲ್ಲ. ಹೊಸದರ ಗುಣ ಗೊತ್ತಿಲ್ಲದೆ ಮನೆಗೆ ತಂದು ಕೂರಿಸುವುದು ತಪ್ಪು.

ಈಗ ತಾರಸಿ ವಿಷಯಕ್ಕೆ ಬರೋಣ. ದುಡ್ಡು ಸೋರುವುದೂ ಅಲ್ಲೇ, ನೀರು ಸೋರುವುದೂ ಅಲ್ಲೇ.

ಪಿಯುಸಿ ಸೈನ್ಸು ಅರ್ಧಕ್ಕೇ ಬಿಟ್ಟ ನನಗೆ ಕೆಮಿಸ್ಟ್ರಿಯಲ್ಲಿ ನೆನಪಿರುವ ಪಾಠ ಒಂದೇ: ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ. ಕಾಂಕ್ರೀಟಿನ ಒಳಗಿರುವ ಸರಳಿಗೆ ನೀರು ತಾಗಿದರೆ ಅದು ಉಬ್ಬಿ ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ. ಆಮೇಲೆ ಸೂರಿನ ಅಡಿಯಿಂದ ಗಾರೆ ಚಕ್ಕೆ ಚಕ್ಕೆಯಾಗಿ ಊಟದ ತಟ್ಟೆಗೇ ಬೀಳುತ್ತದೆ. ಅದಕ್ಕೇ ಸರಳಿನ ಕೆಳಗೆ ಕಡಿಮೆಯೆಂದರೂ 20 ಮಿಲಿಮೀಟರ್ ಕಾಂಕ್ರೀಟು ಇರಬೇಕು. ಅದಕ್ಕೆಂದೇ ಕವರ್ ಬ್ಲಾಕ್ ಅಂತ ಸಣ್ಣ ಬಿಲ್ಲೆ ಸಿಗುತ್ತದೆ, ದೊಡ್ಡ ಖರ್ಚೇನಲ್ಲ. ಅದನ್ನು ಹಾಕದೆ ಜಲ್ಲಿಕಲ್ಲಿನ ಚೂರು ಕೊಟ್ಟು ಸರಳು ಎತ್ತಿ ನಿಲ್ಲಿಸುವ ಮಹಾನುಭಾವರು ಈಗಲೂ ಇದ್ದಾರೆ.

ಎರಡನೇದು ನೀರು. ಒಂದು 50 ಕೆಜಿ ಚೀಲದ ಸಿಮೆಂಟಿಗೆ ಮರಳಿನ ತೇವವೂ ಸೇರಿ ಸುಮಾರು 25ರಿಂದ 27 ಲೀಟರ್ ನೀರು ಸಾಕು. ಜಾಸ್ತಿ ಹಾಕಿದರೆ ಮಾಲು ತೆಳ್ಳಗಾಗಿ ಸರಾಗ ಹರಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆ ಹೆಚ್ಚಿನ ನೀರು ಆಮೇಲೆ ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಮೂರನೇ ಮಳೆಗಾಲದ ಬಕೆಟ್ಟಿಗೆ ನೀರು ಬರುವ ದಾರಿ ಅದೇ. ಈ ಮಾತನ್ನು ನಮ್ಮ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ತೆಗೆದೆ. ಆತ ಬೀಡಿ ಆರಿಸಿ ಹೇಳಿದ: "ಎಲ್ಲಾ ನಮ್ ತಲೆಗೇ ಕಟ್ಟಬ್ಯಾಡ್ರಿ ಸರ. ಮಾಲಕ್ರೇ ನಿಂತು, ಇನ್ನಾ ನಾಕ್ ಬಕೆಟ್ ನೀರು ಹಾಕ್ರೋ, ಕತ್ಲಾಗ್ತೈತಿ ಅಂತಾರೆ. ಮಾರನೇ ದಿನ ನೀರ್ ಕಟ್ಟಿ ಅಂದ್ರೆ, ಬೋರ್ ಕೆಟ್ಟೈತಿ ಅಂತಾರೆ."

ಆತ ಹೇಳಿದ್ದರಲ್ಲೂ ಸುಳ್ಳಿಲ್ಲ. ಕ್ಯೂರಿಂಗ್ ಎನ್ನುವುದು ನಮ್ಮಲ್ಲಿ ಸೋಮಾರಿಗಳ ಕೆಲಸವಾಗಿಬಿಟ್ಟಿದೆ. ಸರ್ಕಾರದ್ದೇ ಮಾನಕದ ಪ್ರಕಾರ ಸಾದಾ ಸಿಮೆಂಟಾದರೆ ಕಡಿಮೆಯೆಂದರೂ 7 ದಿನ, ಈಗ ಹೆಚ್ಚಾಗಿ ಮಾರಾಟವಾಗುವ ಹಾರುಬೂದಿ ಬೆರೆಸಿದ ಸಿಮೆಂಟಾದರೆ 10 ದಿನ ಕಾಂಕ್ರೀಟು ಒದ್ದೆಯಾಗಿರಬೇಕು. 14 ದಿನ ಇಟ್ಟರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪೈಪು ಹಿಡಿದು ಬಣ್ಣ ಬದಲಾಗುವಷ್ಟು ಚಿಮುಕಿಸಿ ಹೋದರೆ ಅದು ಕ್ಯೂರಿಂಗ್ ಅಲ್ಲ. ತುಳಸಿಗಿಡಕ್ಕೆ ನೀರು ಹಾಕಿದ ಹಾಗೆ. ಗದ್ದೆಗೆ ಬದು ಕಟ್ಟಿ ನೀರು ನಿಲ್ಲಿಸುವುದು ಹೇಗೆಂದು ಅಂಜನಾಪುರದ ಕಾಲುವೆ ಕೆಳಗಿನ ರೈತನಿಗೆ ಯಾರೂ ಕಲಿಸಬೇಕಿಲ್ಲ. ಆದರೆ ತಾರಸಿ ಮೇಲೆ ಮಣ್ಣಿನ ಬದು ಕಟ್ಟುವುದನ್ನು ಅದೇ ರೈತ ಮರೆತಿರುತ್ತಾನೆ.

ಮೂರನೇದು ಇಳಿಜಾರು. ಸಮತಟ್ಟು ತಾರಸಿ ಎಂದು ಹೆಸರಿದ್ದರೂ ನೂರು ಅಡಿಗೆ ಒಂದು ಅಡಿಯಾದರೂ ವಾಟ ಇರಬೇಕು, ನೀರು ಹೋಗುವ ಪೈಪು ಧಾರಾಳವಾಗಿರಬೇಕು. ಅಡಿಕೆ, ಮೆಕ್ಕೆಜೋಳ ಒಣಗಿಸುವುದಕ್ಕೆ ಮಟ್ಟಸವಾಗಿರಲಿ ಎಂದು ವಾಟ ಕೊಡದೆ ಬಿಟ್ಟವರನ್ನು ಬಲ್ಲೆ. ಅಡಿಕೆ ಒಣಗಿತು, ಮನೆ ಒದ್ದೆಯಾಯಿತು.

ಈ ಮೂರು ಸರಿಯಿದ್ದರೆ ಮೇಲೆ ಬಳಿಯುವ ಕೆಮಿಕಲ್ಲಿಗೆ ಅರ್ಥವಿದೆ. ಈ ಮೂರೂ ಇಲ್ಲದಿದ್ದರೆ ಹತ್ತು ವರ್ಷದ ಗ್ಯಾರಂಟಿ ಕಾರ್ಡನ್ನೇ ತಾರಸಿಗೆ ಹೊದಿಸಬೇಕು. ಮಳೆ ಜಾಸ್ತಿ ಇರುವ ಸೊರಬದ ಪಶ್ಚಿಮದ ಹಳ್ಳಿಗಳಲ್ಲಿ ಹೇಗೂ ನಾಲ್ಕು ವರ್ಷಕ್ಕೆ ತಗಡು ಹಾಕುವುದೇ ಹಣೆಬರಹ ಎಂದಾದರೆ, ಅದನ್ನು ಮೊದಲೇ ಪ್ಲಾನಿನಲ್ಲಿ ಬರೆಸಿ. ಇಳಿಜಾರಿನ ಸ್ಲ್ಯಾಬು ಹಾಕಿಸಿ ಮೇಲೆ ಹೆಂಚು ಕೂರಿಸಬಹುದು. ಕೆಳಗೆ ಗಟ್ಟಿ ಇರುವುದರಿಂದ ಮಂಗ ಕುಣಿದರೂ ಮನೆಯೊಳಗೆ ಬರುವುದಿಲ್ಲ. ತಗಡೇ ಬೇಕೆಂದರೆ ಸ್ಕ್ರೂ ಜೊತೆ ಬರುವ ರಬ್ಬರ್ ವಾಷರ್ ಬಿಸಿಲಿಗೆ ಕೆಲವೇ ವರ್ಷದಲ್ಲಿ ಬಿರಿಯುತ್ತದೆ, ಅದನ್ನು ಬದಲಿಸಬೇಕು ಎನ್ನುವುದನ್ನು ತಿಳಿದುಕೊಂಡೇ ಹಾಕಿಸಿ. ಅಗ್ಗಕ್ಕೆ ಸಿಗುತ್ತದೆಂದು ಆಸ್‌ಬೆಸ್ಟಾಸ್ ಶೀಟಿಗೆ ಮಾತ್ರ ಹೋಗಬೇಡಿ. ಎಲ್ಲಾ ಬಗೆಯ ಆಸ್‌ಬೆಸ್ಟಾಸ್ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅದನ್ನು ಕೊಯ್ಯುವಾಗ, ತೂತು ಹೊಡೆಯುವಾಗ ಏಳುವ ಧೂಳು ಕೂಲಿಯವನ ಎದೆಗೆ ಹೋಗುತ್ತದೆ.

ಗೋಡೆ ವಿಷಯ ಬೇಗ ಮುಗಿಸುತ್ತೇನೆ. ಸೊರಬ, ಸಾಗರದ ಕಡೆಯ ಜಂಬಿಟ್ಟಿಗೆ ನೋಡಿದವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಒಳ್ಳೇ ಕಲ್ಲು ಆರಿಸಿದರೆ ಹೊರಗೆ ಗಾರೆಯೂ ಬೇಡ, ಬಣ್ಣವೂ ಬೇಡ. ಮೇಲೆ ಸೂರು ಎರಡಡಿ ಹೊರಕ್ಕೆ ಚಾಚಿರಬೇಕು ಅಷ್ಟೇ. ಇನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು, ಅದೇ ಅಸ್ತ್ರ ಒಲೆಯವರು, ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತಿ ಸುಡದೇ ಇಟ್ಟಿಗೆ ಮಾಡುವುದನ್ನು ತೋರಿಸಿಕೊಟ್ಟು ದಶಕಗಳೇ ಆದವು. ನಮ್ಮ ತಾಲ್ಲೂಕಿನಲ್ಲಿ ಅದನ್ನು ಕೇಳುವವರು ಕಮ್ಮಿ. ಮಣ್ಣು ಅಂದ ಕೂಡಲೇ ಬಡತನ ಅಂದುಕೊಳ್ಳುತ್ತೇವೆ. ತೂಕ ಕಡಿಮೆಯ ಬಿಳಿ ಬ್ಲಾಕುಗಳೂ ಬಂದಿವೆ. ಕಟ್ಟಡ ಬೇಗ ಏಳುತ್ತದೆ, ಆದರೆ ಅದಕ್ಕೆ ಮೊಳೆ ಹೊಡೆದು ಭಾರದ ಕಪಾಟು ತೂಗುಹಾಕುವ ಮುಂಚೆ ಕೇಳಿ ತಿಳಿದುಕೊಳ್ಳಿ.

ನೆಲಕ್ಕೆ ಬಂದರೆ ನನ್ನದೇ ಮನೆಯ ಕಥೆ ಹೇಳಬೇಕು. ನಮ್ಮ ದೊಡ್ಡಮ್ಮನ ಮನೆಯಲ್ಲಿ ಕೆಂಪು ಗಾರೆ ನೆಲ ಇತ್ತು. ನಲವತ್ತು ವರ್ಷ ತುಳಿದು ತುಳಿದು ಹೊಳಪು ಬಂದಿತ್ತು. ಅಲ್ಲಲ್ಲಿ ಬಿರುಕು ಬಿಟ್ಟಿತೆಂದು ಅಣ್ಣ ಅದರ ಮೇಲೇ ವಿಟ್ರಿಫೈಡ್ ಟೈಲ್ಸು ಹಾಕಿಸಿದ. ಅಂಗಡಿಯವರು ಕನ್ನಡಿಯಂಥ ಟೈಲ್ಸು ತೋರಿಸಿ, "ಬಚ್ಚಲಿಗೂ ಇದನ್ನೇ ಹಾಕ್ಸಿ ಸರ್, ಒರೆಸಿದ್ರೆ ಆಯ್ತು, ಕಲೆ ಕೂರಲ್ಲ" ಎಂದರು. ಮಾತೇನೋ ಸುಳ್ಳಲ್ಲ. ಈ ಟೈಲ್ಸು ತನ್ನ ತೂಕದ ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ ನೀರು ಕುಡಿಯುತ್ತದೆ. ಹಾಗಾಗಿ ಕಲೆ ಕೂರುವುದಿಲ್ಲ. ಆದರೆ ಕುಡಿಯದ ನೀರು ಎಲ್ಲಿಗೆ ಹೋಗಬೇಕು? ಮೇಲೆಯೇ ನಿಂತಿರುತ್ತದೆ. ಆಷಾಢದ ಒಂದು ಬೆಳಗಿನ ಜಾವ ದೊಡ್ಡಮ್ಮ ಅದರ ಮೇಲೆ ಕಾಲಿಟ್ಟರು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ಈಗ ವಾಕರ್ ಹಿಡಿದು ಓಡಾಡುತ್ತಾರೆ. ಟೈಲ್ಸಿನ ಮೇಲೆ ಇವತ್ತಿಗೂ ಒಂದು ಕಲೆ ಇಲ್ಲ.

ಬಚ್ಚಲಿಗೆ, ಹೊರಗಿನ ಜಗಲಿಗೆ ಒರಟು ಮೈಯಿನ ಟೈಲ್ಸು ಬೇರೆಯೇ ಸಿಗುತ್ತದೆ. ಸ್ವಲ್ಪ ತಿಕ್ಕಿ ತೊಳೆಯಬೇಕಾಗುತ್ತದೆ. ತಿಕ್ಕುವುದು ಮೇಂಟೆನೆನ್ಸ್ ಎನ್ನುವುದಾದರೆ ಆ ಮೇಂಟೆನೆನ್ಸ್ ಇರಲಿ ಬಿಡಿ.

ಕಿಟಕಿ ಬಾಗಿಲಿನದು ಇನ್ನೊಂದು ತರಹ. ಚಂದನದಲ್ಲಿ ದೇವರನ್ನೇ ಕೆತ್ತುವ ಗುಡಿಗಾರರ ಸೊರಬದಲ್ಲೇ ಈಗ ಮರದ ಬಾಗಿಲು ಮಾಡಿಸುವುದು ಶ್ರೀಮಂತರ ಕೆಲಸ. ಸಾಗವಾನಿ, ಹೊನ್ನೆ, ಮತ್ತಿ ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಅಗ್ಗದ ಹಸಿ ಮರ ತಂದರೆ ಮಳೆಗಾಲಕ್ಕೆ ಬಾಗಿಲು ಉಬ್ಬಿ ಚಿಲಕ ಬೀಳುವುದಿಲ್ಲ. ಹಾಗಾಗಿ ಯುಪಿವಿಸಿ ಕಿಟಕಿಗೆ ಜನ ಹೋಗಿದ್ದಾರೆ, ತಪ್ಪೇನೂ ಇಲ್ಲ. ಗೆದ್ದಲು ಹಿಡಿಯುವುದಿಲ್ಲ, ತುಕ್ಕಿಲ್ಲ, ಬಣ್ಣ ಬೇಡ, ಸೊಳ್ಳೆ ಪರದೆಯೂ ಜೊತೆಗೇ ಬರುತ್ತದೆ. ಆದರೆ ಕಿಟಕಿ ಜಾರುವುದು ಕೆಳಗಿನ ಪುಟ್ಟ ಚಕ್ರದ ಮೇಲೆ. ಧೂಳು ಕೂತು ಚಕ್ರ ಸವೆದರೆ ನಮ್ಮೂರ ಬಡಗಿ ನೋಡಿ ನಗುತ್ತಾನೆ, ಕಂಪನಿಯವರು ಮುಂದಿನ ವಾರ ಬರುತ್ತೇವೆ ಎನ್ನುತ್ತಾರೆ. ಕೊಳ್ಳುವಾಗಲೇ ನಾಲ್ಕು ಚಕ್ರ, ಒಂದು ಲಾಕು ಹೆಚ್ಚಿಗೆ ಕೇಳಿ ಇಸಿದುಕೊಳ್ಳಿ. ಅಂಗಡಿಯವರು ಕೊಡುವುದಿಲ್ಲ ಎಂದರೆ ಅವರಿಗೂ ಅದು ಸಿಗುವುದಿಲ್ಲ ಎಂದೇ ತಿಳಿಯಿರಿ.

ಗೋಡೆಯೊಳಗೆ ಪೈಪು ಮುಚ್ಚುವ ಚಾಳಿ ನನಗಂತೂ ಹಿಡಿಸದು. ನೋಡಲು ಚೆಂದ ನಿಜ. ಸೋರಿದ ದಿನ ಟೈಲ್ಸು ಒಡೆಯಬೇಕು, ಅದೇ ಬಣ್ಣದ ಟೈಲ್ಸು ಅಷ್ಟರಲ್ಲಿ ಮಾರ್ಕೆಟ್ಟಿನಿಂದ ಮಾಯವಾಗಿರುತ್ತದೆ. ಹೊರಗೋಡೆಯ ಮೇಲೇ ಪೈಪು ಓಡಿಸಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮುಚ್ಚಲೇಬೇಕೆಂದರೆ ಗಾರೆ ಮಾಡುವ ಮುಂಚೆ ಪ್ರತಿ ಗೋಡೆಯ ಪಕ್ಕ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಟೈಲ್ಸು ಒಂದು ಬಾಕ್ಸು ಅಟ್ಟದ ಮೇಲೆ ಇಟ್ಟುಕೊಳ್ಳಿ.

ಕುಮುದ್ವತಿಗೆ ಅಡ್ಡ ಕಟ್ಟಿದ ಅಂಜನಾಪುರದ ಜಲಾಶಯ ಕೋಡಿ ಬಿದ್ದಾಗ ನೋಡಲು ನಾವೆಲ್ಲ ಹೋಗುತ್ತೇವೆ. ಕಲ್ಲು ಮಣ್ಣಿನ ಅಷ್ಟು ದೊಡ್ಡ ಕಟ್ಟೆಗೂ ತೂಬಿಗೆ ಎಣ್ಣೆ ಬೇಕು, ಕಾಲುವೆಯ ಹೂಳು ತೆಗೆಯಬೇಕು, ನೀರು ಬಿಡಲು ನೀರುಗಂಟಿ ಬೇಕು. ಮೂವತ್ತು ನಲವತ್ತರ ಸೈಟಿನ ಮನೆಗೆ ಏನೂ ಬೇಡ ಎಂದು ನಂಬುವ ನಾವು ಎಂಥ ಜಾಣರು!

ಕೊನೆಗೆ ಕಾನೂನಿನ ಮಾತು. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಬಿಲ್ಡರ್ ಕಟ್ಟಿದ ಮನೆ ಕೊಳ್ಳುವವರು ಅದು ರೇರಾದಲ್ಲಿ ನೋಂದಣಿ ಆಗಿದೆಯೇ ನೋಡಿ. 2016ರ ಆ ಕಾಯ್ದೆಯಂತೆ, ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ಅಥವಾ ಕೆಲಸದಲ್ಲಿ ದೋಷ ಕಂಡು ತಿಳಿಸಿದರೆ, ಬಿಲ್ಡರು 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ನಮ್ಮ ಹಾಗೆ ಗುತ್ತಿಗೆಗೆ ಕೊಟ್ಟು ಕಟ್ಟಿಸುವವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಮನೆ ಕಟ್ಟಿಕೊಡುವುದೂ ಅದರಲ್ಲಿ ಒಂದು ಸೇವೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು, ಕೈಯಲ್ಲಿ ಕಾಗದ ಇರಬೇಕು. ಆದ್ದರಿಂದ ಅಂಗಡಿಯವರಲ್ಲಿ ಕೈಮುಗಿದು ಕೇಳುವುದಿಷ್ಟು: ಬಾಯಲ್ಲಿ ಹೇಳುವ ಗ್ಯಾರಂಟಿಯನ್ನು ಬಿಲ್ಲಿನ ಮೇಲೂ ಬರೆದು ಸೀಲು ಒತ್ತಿ. ಬರೆಯಲು ಕೈ ಬರದಿದ್ದರೆ ಬಾಯಲ್ಲೂ ಹೇಳಬೇಡಿ.

ದೊಡ್ಡಮ್ಮನ ಬಚ್ಚಲಿಗೆ ತಂದ ಟೈಲ್ಸಿನ ಚೀಟಿ ಈಗಲೂ ನನ್ನ ಡೈರಿಯಲ್ಲಿದೆ. ಅದರ ಮೇಲೆ ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ. ಚದರಡಿಯ ಲೆಕ್ಕ, ಅದರ ಕೆಳಗೆ ಒಟ್ಟು ಮೊತ್ತ, ಅಷ್ಟೇ.